ತೆರಿ ಮ್ಯಾಲ ನಮ್ಮ ಕಡೆ ಮಾತು: ಒಟಿಟಿಯೊಳಗ ಏನು ನೋಡೂಣು, ಹೆಂಗ ಕೇಳೂಣು (ನೋಡುಗರ ಚರ್ಚಾ, ಹೆಸರೆಲ್ಲಾ ಅಡ್ಡಹೆಸರು)

ಸಪ್ತಾಪುರ ಬಾವಿ (ಧಾರವಾಡ):
ಹೊಸ ಸಿನಿಮಾ ಒಟಿಟಿಗೆ ಬಂದಾಗೆಲ್ಲಾ ‘ಭಾಳ ಚೊಲೊ ಅದ’ ಇಲ್ಲಾ ‘ತಲಿ ತಿಂತದ’ ಅನ್ನೂದರಾಗ ಚರ್ಚಾ ಮುಗೀತದ. ಈ ಸಲ ಒಂದೇ ಸಂಗತಿ ಹಿಡಕೊಂಡು ಮಾತಾಡೂಣು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಮಾತು ಯಾವ ಸಿನಿಮಾದಾಗ ಸರಿ ಬಂದದ, ಯಾವುದರಾಗ ಕೆಟ್ಟದ, ಯಾಕ ಕೆಟ್ಟದ?

ನಾನು ‘ರೀ’ ಎಣಿಸೂದಿಲ್ಲ. ಕ್ರಿಯಾಪದ ಕೇಳತೇನಿ. ನಮ್ಮ ಮಾತು ಗೊತ್ತಿಲ್ಲದವರು ಬರೆದ ಪಾತ್ರ ‘ಏನ್ ಮಾಡ್ತಾ ಇದೀರಿ ರೀ’ ಅಂತದ. ಇಲ್ಲೆ ಹಂಗ ಯಾರೂ ಅನ್ನೂದಿಲ್ಲ. ‘ಏನ್ ಮಾಡ್ಲಿಕತ್ತೀರಿ’ ಅಂತಾರ, ಇಲ್ಲಾ ‘ಏನ್ ಮಾಡಾಕತ್ತೀರಿ’. ನಡೀತಾ ಇರೋ ಕೆಲಸ ಹೇಳಲಿಕ್ಕೆ ದಕ್ಷಿಣದವರು ‘ಇರು’ ಹಚ್ಚತಾರ, ನಾವು ‘ಹತ್ತು’ ಹಚ್ಚತೇವಿ. ಇಷ್ಟು ಗೊತ್ತಿಲ್ಲದ ಬರೆದರ ಉಳಿದದ್ದೆಲ್ಲಾ ಮ್ಯಾಲಿನ ಬಣ್ಣ. ಇನ್ನೊಂದು ಪದದ ತುದಿ. ಮನೆ ಅಂಬೂದು ಮನಿ ಆಗತದ, ತಲೆ ತಲಿ ಆಗತದ, ಆದರ ‘ಮನೆಯಲ್ಲಿ’ ಅನ್ನೂದು ‘ಮನಿಯಲ್ಲಿ’ ಆಗೂದಿಲ್ಲ, ‘ಮನ್ಯಾಗ’ ಆಗತದ. ‘ಮನಿಯಲ್ಲಿ’ ಅಂತ ಕಿವಿಗೆ ಬಿತ್ತಂದರ ಸಂಭಾಷಣಾ ಮೊದ್ಲು ಪುಸ್ತಕದ ಕನ್ನಡದಾಗ ಬರೆದು ಆಮ್ಯಾಲೆ ತಿದ್ದ್ಯಾರ ಅಂತ ತಿಳೀರಿ.

ಮೂರನೇದು ಎಲ್ಲಾಕಿಂತ ಸೂಕ್ಷ್ಮ. ‘ಅದ’ ಅನ್ನೋ ಮನಿ ಬ್ಯಾರೆ, ‘ಐತಿ’ ಅನ್ನೋ ಮನಿ ಬ್ಯಾರೆ. ಒಂದೇ ಮನಿ ಅಣ್ಣ ತಮ್ಮ ಕಾರಣ ಇಲ್ಲದ ಒಬ್ಬ ‘ಅದ’ ಅಂದು ಇನ್ನೊಬ್ಬ ‘ಐತಿ’ ಅಂದರ ಬರೆದವರು ಕಿವಿಗೊಟ್ಟು ಕೇಳಿಲ್ಲ.

ನನ್ನ ಪಟ್ಟಿ ಸಣ್ಣದು: ‘ನಾಗಮಂಡಲ’ (1997), ‘ಸಂತ ಶಿಶುನಾಳ ಶರೀಫ’ (1990), ‘ಶಿವಮ್ಮ ಯರೇಹಂಚಿನಾಳ’. ‘ರತ್ನನ್ ಪ್ರಪಂಚ’ಕ್ಕ ಅರ್ಧ ಅಂಕ.

ಬೆಟಗೇರಿ ಮಗ್ಗ (ಗದಗ):
ಅರ್ಧ ಅಂಕ ಯಾಕ? ‘ರತ್ನನ್ ಪ್ರಪಂಚ’ 2021ರ ಅಕ್ಟೋಬರ್‌ನಾಗ ಥೇಟರಿಗೆ ಬರದ ಸೀದಾ ಪ್ರೈಮ್ ವಿಡಿಯೋಕ್ಕ ಬಂದದ್ದು. ಪ್ರಮೋದ್ ಮಾಡಿದ ಉಡಾಳ್ ಬಾಬುರಾವ್ ಪಾತ್ರ ನೋಡ್ರಿ. ನಮ್ಮ ಮಾತಾಡೋ ಪಾತ್ರ ಅಂದ್ರ ನಗಸಾಕ ಬಂದು ಹೋಗೂದು ಅನ್ನೋ ರೂಢಿ ಐತಿ. ಇವನೂ ನಗಸತಾನ, ಆದ್ರ ಮಾತಿನ ಸಲುವಾಗಿ ನಗು ಬರೂದಿಲ್ಲ, ಅವನ ಹಠದ ಸಲುವಾಗಿ ಬರತೈತಿ. ಅಳೂ ದೃಶ್ಯದಾಗೂ ಅವನು ಅದ ಮಾತು ಆಡತಾನ. ನನಗ ಪರೀಕ್ಷಾ ಅಂದ್ರ ಇದು: ಪಾತ್ರ ಅಳುವಾಗ ಗ್ರಂಥದ ಕನ್ನಡಕ್ಕ ಜಾರತೈತೋ ಇಲ್ಲೋ. ಭಾಳ ಸಿನಿಮಾದಾಗ ಜಾರತೈತಿ, ಯಾಕಂದ್ರ ದುಃಖ ಅಂದ್ರ ಗಂಭೀರ, ಗಂಭೀರ ಅಂದ್ರ ಪುಸ್ತಕ ಅಂತ ಬರೆಯೋವರ ತಲ್ಯಾಗ ಕುಂತೈತಿ.

‘ಶಿವಮ್ಮ’ನ ಬಗ್ಗೆ ಎರಡು ಮಾತಿಲ್ಲ. ಯರೇಹಂಚಿನಾಳ ಕೊಪ್ಪಳ ಜಿಲ್ಲಾದ ಊರು, ಗದಗಿಗೆ ಹತ್ರ. ಜೈಶಂಕರ್ ಆರ್ಯರ್ ನಿರ್ದೇಶನ, 2022ರಾಗ ಬೂಸಾನ್ ಚಿತ್ರೋತ್ಸವದಾಗ ನ್ಯೂ ಕರೆಂಟ್ಸ್ ಪ್ರಶಸ್ತಿ ತಗೊಂಡ್ತು, ಇಲ್ಲೆ ಬಿಡುಗಡೆ ಆಗಿದ್ದು 2024ರಾಗ. ಸಾಲಿಯಾಗ ಅಡಗಿ ಮಾಡೋ ಹೆಣಮಗಳು ಚೈನ್ ಮಾರ್ಕೆಟಿಂಗ್‌ನಾಗ ರೊಕ್ಕ ಹಾಕೋ ಕಥಿ. ಊರ ಮಂದೀನ ನಟಿಸ್ಯಾರ. ಅಲ್ಲೆ ಮಾತು ‘ಬಂದೈತಿ’ ಅನ್ನೂ ಪ್ರಶ್ನೆನ ಹುಟ್ಟೂದಿಲ್ಲ, ಯಾಕಂದ್ರ ಯಾರೂ ಕಲಿತು ಆಡಿಲ್ಲ. ಮಾತಿನ ನಡುವಿನ ಸುಮ್ಮನಿರೋ ಹೊತ್ತು ಗಮನಿಸ್ರಿ. ಉತ್ತರ ಕೊಡೂದಕ್ಕ ಮುಂಚೆ ಎಷ್ಟು ತಡೀತಾರ ಅನ್ನೂದೂ ಭಾಷಾನ.

ವರದಾ ದಂಡಿ (ಹಾವೇರಿ):
‘ನಮ್ಮ ಕಡೆ ಮಾತು’ ಒಂದೇ ಅಂದುಕೊಂಡು ಹೊರಟರೆ ತಪ್ಪುತ್ತೇವೆ. ಹಾವೇರಿ ಜಿಲ್ಲೆಯೊಳಗೇ ಎರಡು ದನಿ ಇವೆ. ಶಿಗ್ಗಾವಿ, ಸವಣೂರಿನ ಮಾತು ಹುಬ್ಬಳ್ಳಿ ಕಡೆ ವಾಲುತ್ತದೆ. ರಾಣೆಬೆನ್ನೂರು, ಹಿರೇಕೆರೂರಿನದು ದಾವಣಗೆರೆ, ಶಿಕಾರಿಪುರದ ಕಡೆ. ‘ಉತ್ತರ ಕರ್ನಾಟಕ ಶೈಲಿ’ ಎಂದು ಕಲಬುರಗಿಯ ‘ಹೋಗ್ಲಾಕತ್ತೀನಿ’ಯನ್ನು ತಂದು ಹಾನಗಲ್ಲಿನ ಪಾತ್ರದ ಬಾಯಿಗೆ ಹಾಕಿದರೆ, ಮೈಸೂರಿನವರಿಗೆ ಮಂಗಳೂರಿನ ಮಾತು ಆಡಿಸಿದ ಹಾಗೆ.

‘ಸಂತ ಶಿಶುನಾಳ ಶರೀಫ’ ಬಗ್ಗೆ. ಶಿಶುವಿನಹಾಳ ಇರುವುದು ಶಿಗ್ಗಾವಿ ತಾಲ್ಲೂಕಿನಲ್ಲಿ. ಟಿ.ಎಸ್. ನಾಗಾಭರಣ ನಿರ್ದೇಶನ, ಶ್ರೀಧರ್ ಶರೀಫರು, ಗಿರೀಶ ಕಾರ್ನಾಡರು ಕಳಸದ ಗೋವಿಂದ ಭಟ್ಟರು, ಸಿ. ಅಶ್ವತ್ಥ್ ಸಂಗೀತ. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಬಂದ ಚಿತ್ರ. ಇಂಥ ಹಳೆಯ ಚಿತ್ರಗಳನ್ನು ಯೂಟ್ಯೂಬಿನಲ್ಲಿ ನೋಡುವವರು ಮೊದಲು ಚೌಕಟ್ಟು ನೋಡಿ. ಹಳೆಯ ಟಿವಿ ಪ್ರತಿ 4:3 ಅಳತೆಯದು. ಹಾಕಿದವರು ಅದನ್ನು 16:9ಕ್ಕೆ ಎಳೆದಿದ್ದರೆ ಎಲ್ಲರೂ ಮೂರನೇ ಒಂದು ಪಾಲು ಅಡ್ಡಡ್ಡ ದಪ್ಪ ಕಾಣುತ್ತಾರೆ. ಗಾಡಿಯ ಗಾಲಿ ಅಥವಾ ತಾಟು ಮೊಟ್ಟೆಯ ಆಕಾರದಲ್ಲಿ ಕಂಡರೆ ಅದೇ ಗುರುತು. ಟಿವಿಯ ಪಿಕ್ಚರ್ ಸೈಜ್‌ನಲ್ಲಿ 4:3 ಆರಿಸಿದರೆ ಸರಿಹೋಗುತ್ತದೆ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಬರಲಿ.

ಉಣಕಲ್ ಗಾಳಿ (ಹುಬ್ಬಳ್ಳಿ):
ಮಾತು ಸರಿ ಬಂದಿಲ್ಲ ಅಂತ ಸಿನಿಮಾಕ್ಕ ಬೈಯೂದಕ್ಕ ಮುಂಚೆ ಟಿವಿ ನೋಡ್ರಿ. ‘ಡೈಲಾಗ್ ಕೇಳಸೂದಿಲ್ಲ, ಹಾಡು ಬಂದ್ರ ಕಿಟಕಿ ನಡಗತಾವ’ ಅನ್ನೋ ತಕರಾರಿನಾಗ ಭಾಳ ಪಾಲು ಸಿನಿಮಾದ ತಪ್ಪಲ್ಲ.

5.1 (ಐದು ಸ್ಪೀಕರ್, ಒಂದು ವೂಫರ್) ಧ್ವನಿಯೊಳಗ ಮಾತು ಮುಖ್ಯವಾಗಿ ನಡುವಿನ ಸ್ಪೀಕರಿನಾಗ ಇರತೈತಿ. ಟಿವಿಗೆ ಇರೋವು ಎರಡ ಸ್ಪೀಕರ್. ನಡುವಿನದನ್ನ 3 ಡೆಸಿಬೆಲ್ ಇಳಿಸಿ ಎಡಕ್ಕೂ ಬಲಕ್ಕೂ ಹಂಚತೈತಿ, ಅದರ ಮ್ಯಾಲ ಸಂಗೀತ, ಗಾಳಿ, ಗಾಡಿ ಎಲ್ಲಾ ಬಂದು ಕುಂದರತಾವ. ಅದರಾಗ ಟಿವಿ ಸ್ಪೀಕರ್ ನೆಲ ನೋಡತಿರತಾವ. ವ್ಯಂಜನದ ಚೂಪು ಇರೂದು ಸುಮಾರು 2ರಿಂದ 4 ಕಿಲೋಹರ್ಟ್ಸ್ ನಡುವ. ಅದು ಮಸುಕಾದ್ರ ‘ಪಟ್ಟಿ’ನೂ ‘ಕಟ್ಟಿ’ನೂ ಒಂದ ಕೇಳತಾವ. ನಮ್ಮ ಮಾತಿನಾಗ ಸ್ವರ ನುಂಗಿ ವ್ಯಂಜನ ಒತ್ತೂದು ಜಾಸ್ತಿ, ಹಿಂಗಾಗಿ ನಮಗ ಹೊಡತಾನೂ ಜಾಸ್ತಿ.

ಮಾಡಬೇಕಾದ್ದು ಹಿಂಗ. ಮೊದ್ಲು ಆಪ್‌ನ ಆಡಿಯೋ ಪಟ್ಟಿ ತಗೀರಿ. ಕನ್ನಡ ಅಂತ ಒಂದು, ಕನ್ನಡ 5.1 ಅಂತ ಇನ್ನೊಂದು ಇದ್ರ, ಟಿವಿ ಸ್ಪೀಕರಿನಾಗ ನೋಡೋವರು 5.1 ಬಿಟ್ಟು ಇನ್ನೊಂದು ಆರಿಸ್ರಿ. ಆಮ್ಯಾಲೆ ಟಿವಿ ಸೆಟ್ಟಿಂಗ್‌ಗೆ ಹೋಗ್ರಿ. ಕ್ಲಿಯರ್ ವಾಯ್ಸ್, ಡೈಲಾಗ್ ಎನ್‌ಹಾನ್ಸ್, ಆಂಪ್ಲಿಫೈ ಅಂತ ಒಂದೊಂದು ಟಿವಿಗೆ ಒಂದೊಂದು ಹೆಸರು, ಅದನ್ನ ಹಾಕ್ರಿ. ಸರೌಂಡ್, ವರ್ಚುವಲ್ ಅಂತ ಇರೋವೆಲ್ಲಾ ಬಂದ್ ಮಾಡ್ರಿ, ಅವು ನಡುವಿನ ಮಾತನ್ನ ಚದರಿಸಿ ಹಾಳು ಮಾಡತಾವ. ಈಕ್ವಲೈಜರ್ ಇದ್ರ 200 ಹರ್ಟ್ಸ್ ಕೆಳಗ 3 ಡೆಸಿಬೆಲ್ ಇಳಿಸ್ರಿ, 2ರಿಂದ 4 ಕಿಲೋಹರ್ಟ್ಸ್ 2 ಇಲ್ಲಾ 3 ಏರಿಸ್ರಿ. ಅದಕ್ಕಿಂತ ಹೆಚ್ಚು ಏರಿಸಿದ್ರ ‘ಸ’ಕಾರ ಚುಚ್ಚತಾವ.

ಇನ್ನೊಂದು ಲೆಕ್ಕ. ನೆಟ್‌ಫ್ಲಿಕ್ಸ್ ತನಗ ಕೊಡೋ ಸಿನಿಮಾದಾಗ ಮಾತಿನ ಸರಾಸರಿ ಮಟ್ಟ ಮೈನಸ್ 27 ಎಲ್‌ಕೆಎಫ್‌ಎಸ್ (ಧ್ವನಿಯ ಜೋರು ಅಳೆಯೋ ಮಾಪು, ಮೈನಸ್ ಹೆಚ್ಚಾದಷ್ಟೂ ಮೆಲ್ಲಗ) ಇರಬೇಕು ಅಂತೈತಿ. ಯೂಟ್ಯೂಬ್ ಜೋರಿದ್ದದ್ದನ್ನ ಮೈನಸ್ 14ರ ಆಸುಪಾಸಿಗೆ ತಂದು ನಿಲ್ಲಸತೈತಿ. ಯೂಟ್ಯೂಬ್ ನೋಡಿ ಸೀದಾ ನೆಟ್‌ಫ್ಲಿಕ್ಸ್‌ಗೆ ಬಂದ್ರ ಧ್ವನಿ ಸತ್ತಂಗ ಅನಸೂದು ಇದಕ್ಕ. ಬಿಂದಾಸ್ ವಾಲ್ಯೂಮ್ ಏರಿಸ್ರಿ, ಸಿನಿಮಾ ಹಂಗ ಮಾಡಿದ್ದ ಏರಿಸಿ ಕೇಳಲಿ ಅಂತ.

ಬ್ಯಾಡಗಿ ಕೆಂಪು:
ಸೌಂಡ್‌ಬಾರ್ ಇದ್ದವರಿಗೆ? ಬ್ಲೂಟೂತ್‌ನಾಗ ಹಚ್ಚಿದ್ರ ತುಟಿ ಒಂದು ಕಡೆ, ಮಾತು ಒಂದು ಕಡೆ ಹೋಗತೈತಲ್ಲ.

ಉಣಕಲ್ ಗಾಳಿ:
ಬ್ಲೂಟೂತ್ ಬಿಡ್ರಿ. 100ರಿಂದ 300 ಮಿಲಿಸೆಕೆಂಡ್ ತಡಾ ಆಗತೈತಿ. ಅಷ್ಟು ತಪ್ಪಿದ್ರ ಊರ ಮಂದಿ ಆಡಿದ ಸಾಚಾ ಮಾತೂ ಡಬ್ಬಿಂಗ್ ಅನಸತೈತಿ. ಎಚ್‌ಡಿಎಂಐ ಎಆರ್‌ಸಿ (ಟಿವಿಯ ಧ್ವನಿ ಬಾರ್‌ಗೆ ಕಳಸೋದು) ಅಂತ ಬರೆದ ಸಂದಿಗೆ ವಾಯರ್ ಹಾಕ್ರಿ, ಟಿವಿಯಾಗ ಸಿಇಸಿ (ಎರಡೂ ಒಂದಕ್ಕೊಂದು ಹುಕುಂ ಕಳಸೋ ಸೆಟ್ಟಿಂಗ್) ಚಾಲೂ ಮಾಡ್ರಿ. ಎಆರ್‌ಸಿ ಇಲ್ಲದ ಹಳೇ ಟಿವಿಗೆ ಆಪ್ಟಿಕಲ್ ವಾಯರ್ ನಡೀತೈತಿ. ಬಾರ್‌ನಾಗ ಸೆಂಟರ್ ಲೆವೆಲ್ ಅಂತ ಇದ್ರ ಪ್ಲಸ್ 3. ವೂಫರ್ ಮೂಲ್ಯಾಗ ಇಟ್ಟಿದ್ರ ಗ್ವಾಡಿಯಿಂದ ಒಂದು ಮೊಳ ಮುಂದಕ್ಕ ತರ್ರಿ.

ಮುಳಗುಂದ ನಾಕಾ (ಗದಗ):
ಭಾಷಾದ ಆಯ್ಕಿ ಬಗ್ಗೆನೂ ಹೇಳಬೇಕು. ‘ಈ ಸಿನಿಮಾ ಹಿಂದಿಯಾಗ ಬರಾಕತ್ತೈತಿ’ ಅನ್ನೋ ತಕರಾರು ದಿನಾ ಕೇಳತೇವಿ. ಒಟಿಟಿ ಹಕ್ಕು ಭಾಷಾವಾರು ಮಾರಾಟ ಆಗತಾವ. ‘ಕಾಂತಾರ’ (2022) ಕನ್ನಡದಾಗ ಪ್ರೈಮ್‌ಗೆ ಬಂತು, ಹಿಂದಿ ಪ್ರತಿ ನೆಟ್‌ಫ್ಲಿಕ್ಸ್‌ಗೆ ಹೋಯ್ತು. ನೆಟ್‌ಫ್ಲಿಕ್ಸ್‌ನಾಗ ಎಷ್ಟು ಹುಡುಕಿದ್ರೂ ಆಗ ಕನ್ನಡ ಸಿಗತಿರಲಿಲ್ಲ, ಸೆಟ್ಟಿಂಗ್‌ದು ತಪ್ಪಲ್ಲ. ಪ್ರೈಮ್‌ನಾಗ ಬ್ಯಾರೆ ತೊಡಕು: ಒಂದ ಸಿನಿಮಾದ ಭಾಷಾ ಪ್ರತಿಗಳು ಭಾಳ ಸಲ ಬ್ಯಾರೆ ಬ್ಯಾರೆ ಪೋಸ್ಟರ್ ಕೆಳಗ ಇರತಾವ. ಆಡಿಯೋ ಪಟ್ಟಿಯಾಗ ಕನ್ನಡ ಇಲ್ಲ ಅಂದ್ರ ಹಿಂದಕ್ಕ ಬಂದು ಹೆಸರಿನ ಜೋಡಿ ‘ಕನ್ನಡ’ ಅಂತ ಹಾಕಿ ಮತ್ತ ಹುಡುಕ್ರಿ.

ಇನ್ನೊಂದು: ಒಟಿಟಿ ಪ್ರತಿ ಥೇಟರ್ ಪ್ರತೀನ ಆಗಿರಬೇಕಂತಿಲ್ಲ. ‘ಕಾಂತಾರ’ 2022ರ ನವೆಂಬರ್ 24ಕ್ಕ ಬಂದಾಗ ವರಾಹ ರೂಪದ ಹಾಡಿಗೆ ಬ್ಯಾರೆ ಧಾಟಿ ಇತ್ತು. ತೈಕುಡಂ ಬ್ರಿಡ್ಜ್ ಅನ್ನೋ ತಂಡ ನಮ್ಮ ಧಾಟಿ ಅಂತ ಕೋರ್ಟಿಗೆ ಹೋಗಿತ್ತು. ಮುಂದ ಮೂಲ ಧಾಟಿ ತಿರುಗಿ ಬಂತು. ಒಟಿಟಿಗೆ ಬಂದ ಮೊದಲ ದಿನ ನೋಡಿದವರು, ಒಂದ ತಿಂಗಳು ಆಮ್ಯಾಲೆ ನೋಡಿದವರು ಬ್ಯಾರೆ ಬ್ಯಾರೆ ಕೇಳ್ಯಾರ. ಅಭಿಪ್ರಾಯ ಬರೆಯುವಾಗ ಯಾವ ಪ್ರತಿ, ಯಾವಾಗ ನೋಡಿದ್ದು ಅಂತ ಬರೀರಿ.

ಸಪ್ತಾಪುರ ಬಾವಿ:
‘ಕಾಂತಾರ’ದ ಮಾತು ಬಂದದ್ದು ಚೊಲೊ ಆತು. ಕರಾವಳಿ ಮಾತು ‘ಉಳಿದವರು ಕಂಡಂತೆ’ (2014) ಹೊತ್ತಿನಿಂದ ತೆರಿ ಮ್ಯಾಲ ಗಟ್ಟಿಯಾಗಿ ನಿಂತದ. ಯಾಕಂದರ ಬರೆಯೋವರು, ನಿರ್ದೇಶಿಸೋವರು, ಆಡೋವರು ಅಲ್ಲಿಯವರೇ, ಮಾತು ತಿದ್ದಬೇಕಾದ ಕೈ ಸೆಟ್‌ನಾಗೇ ಅದ. ನಮ್ಮ ಕಡೆ ರಂಗಭೂಮಿಯೊಳಗ ಆ ಬಲ ಅದ, ಸಿನಿಮಾದಾಗ ಅದನ್ನ ಪೂರಾ ಬಳಸಿಲ್ಲ. ‘ನಾಗಮಂಡಲ’ದ ಮಾತು ಇವತ್ತಿಗೂ ಕಿವಿಗೆ ಹಿತ ಯಾಕಂದರ ಗೋಪಾಲ ವಾಜಪೇಯಿ ಅವರಂಥ ರಂಗಭೂಮಿಯ ಮನುಷ್ಯ ಅದರೊಳಗ ಇದ್ದರು. ನಾಟಕದ ಮಂದಿಗೆ ಒಂದು ಸಾಲು ಬಾಯಾಗ ಹೊರಳತದೋ ಇಲ್ಲೋ ಅನ್ನೂದು ತಾಲೀಮಿನಾಗ ಗೊತ್ತಾಗತದ.

ಸಿನಿಮಾ ಮಾಡೋವರಿಗೆ ನನ್ನ ಬೇಡಿಕಿ ಒಂದು. ಭಾಷಾ ತಿದ್ದೋವರನ್ನ ಬರೆಯುವಾಗ ಕರೀರಿ, ಮತ್ತ ಡಬ್ಬಿಂಗ್ ಕೋಣಿಗೂ ಕರೀರಿ. ಶೂಟಿಂಗಿನಾಗ ಸರಿ ಆಡಿದ ಸಾಲು ಆರು ತಿಂಗಳು ಆದ ಮ್ಯಾಲ ಸ್ಟುಡಿಯೋದಾಗ ಮತ್ತ ಆಡುವಾಗ ನಟನ ಬಾಯಿ ತನ್ನ ಊರಿಗೆ ತಿರುಗಿ ಹೋಗಿರತದ. ‘ಹೊಂಟೇನಿ’ ಅಂದದ್ದು ‘ಹೋಗ್ತಿದೀನಿ’ ಆಗತದ, ತುಟಿ ಮೂರು ಉಚ್ಚಾರಕ್ಕ ಅಳ್ಳಾಡಿ ಧ್ವನಿ ನಾಲ್ಕು ಉಚ್ಚಾರ ಬರತದ. ಹತ್ತಿರದ ಶಾಟ್‌ನಾಗ ನೋಡಿದರ ಹಿಡೀಬಹುದು.

ವರದಾ ದಂಡಿ:
ಬೇರೆ ಭಾಷೆಯ ಸರಣಿಗಳ ಕನ್ನಡ ಡಬ್ಬಿಂಗ್ ಕೂಡ ಇದೇ ಸಾಲಿಗೆ ಬರುತ್ತದೆ. ಕನ್ನಡಕ್ಕೆ ಡಬ್ಬಿಂಗ್ ಮಾಡದಂತೆ ಉದ್ಯಮ ಎಷ್ಟೋ ದಶಕ ತಡೆದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟಿತು. ಡಬ್ಬಿಂಗ್ ಬರಹದ ಕಸುಬು ಅದರಿಂದಾಗಿ ನಮ್ಮಲ್ಲಿ ಇನ್ನೂ ಎಳೆಯದು. ಎಲ್ಲ ಪಾತ್ರಗಳೂ ಒಂದೇ ಬೆಂಗಳೂರು ಕನ್ನಡ ಆಡುವುದು ಅದರ ಫಲ. ಮೂಲದಲ್ಲಿ ಹಳ್ಳಿಯವನು, ಶಹರದವನು ಬೇರೆ ಬೇರೆ ಮಾತಾಡುತ್ತಿದ್ದರೆ ಕನ್ನಡದಲ್ಲಿಯೂ ಅವನಿಗೊಂದು ಊರು ಕೊಡಬೇಕು.

ಸಬ್‌ಟೈಟಲ್‌ಗಳ ಸಂಗತಿ ಇನ್ನೂ ಗಂಭೀರ, ಏಕೆಂದರೆ ಹೊರಗಿನವರು ನಮ್ಮನ್ನು ತಿಳಿಯುವುದೇ ಅದರಿಂದ. ನಮ್ಮಲ್ಲಿ ಸಣ್ಣ ಹುಡುಗಿಯನ್ನು ‘ಯವ್ವಾ, ಇಲ್ಲಿ ಬಾ’ ಎಂದು ಕರೆಯುತ್ತಾರೆ. ಅದನ್ನು ‘ತಾಯಿ’ ಎಂದು ಇಂಗ್ಲಿಷಿಗೆ ಹಾಕಿದರೆ ಯಾರು ಯಾರ ಮಗಳು ಎಂದೇ ತಿಳಿಯುವುದಿಲ್ಲ. ‘ತಮ್ಮಾ’ ಎಂದು ದಾರಿಯಲ್ಲಿ ಹೋಗುವ ಹುಡುಗನನ್ನು ಕರೆದರೆ ಅವನು ಒಡಹುಟ್ಟಿದವನಾಗಿಬಿಡುತ್ತಾನೆ. ‘ಅವಗ ಆರಾಮಿಲ್ಲ’ ಎಂದರೆ ಕಾಯಿಲೆ. ಅದನ್ನು ವಿಶ್ರಾಂತಿ ಇಲ್ಲ ಎಂದು ಬರೆದರೆ ಕಥೆಯೇ ತಿರುಗುತ್ತದೆ. ಇದರಲ್ಲಿ ಸ್ವಲ್ಪ ಭಾಗ ಅನಿವಾರ್ಯ. ನೆಟ್‌ಫ್ಲಿಕ್ಸ್‌ನ ನಿಯಮದಂತೆ ಇಂಗ್ಲಿಷ್ ಸಬ್‌ಟೈಟಲ್ ಎರಡು ಸಾಲು ಮೀರುವಂತಿಲ್ಲ, ಸಾಲಿಗೆ 42 ಅಕ್ಷರ, ಸೆಕೆಂಡಿಗೆ 20 ಅಕ್ಷರದ ಮಿತಿ. ನಮ್ಮವರ ವೇಗದ ಮಾತನ್ನು ಅಷ್ಟರಲ್ಲಿ ಹಿಡಿಸಲು ಮೊದಲು ಬೀಳುವುದು ಸಂಬೋಧನೆ, ಮರ್ಯಾದೆಯ ‘ರೀ’, ‘ಮತ್ತ’, ‘ಅಲಾ’. ಆದರೆ ತಪ್ಪು ಅರ್ಥಕ್ಕೆ ಜಾಗದ ಕೊರತೆ ಕಾರಣವಲ್ಲ. ಅಂಥದ್ದು ಕಂಡರೆ ಆಪ್‌ನಲ್ಲೇ ದೂರು ಕೊಡುವ ಜಾಗವಿದೆ. ಸಿನಿಮಾದ ಹೆಸರು, ನಿಮಿಷ, ಸೆಕೆಂಡು, ಈಗಿರುವ ಸಾಲು, ಇರಬೇಕಾದ ಸಾಲು, ಇಷ್ಟನ್ನು ಬರೆಯಿರಿ. ‘ಸಬ್‌ಟೈಟಲ್ ಸರಿ ಇಲ್ಲ’ ಎಂದಷ್ಟೇ ಬರೆದರೆ ಯಾರೂ ತಿದ್ದಲಾರರು.

ನವನಗರ ಅಂಟೆನಾ (ಹುಬ್ಬಳ್ಳಿ):
ಚಿತ್ರ ಮಸುಕು ಬರೋವರಿಗೆ ನಾಕ್ ಮಾತು. 1080ಪಿ ನೋಡಾಕ 5 ಎಂಬಿಪಿಎಸ್ ಸಾಕು, 4ಕೆ ಗೆ 15. ಮನ್ಯಾಗ 100ರ ಪ್ಲಾನ್ ಇದ್ದೂ ಮಸುಕಂದ್ರ ವೇಗದ್ದು ತಪ್ಪಲ್ಲ, ವೈಫೈದು. ರೌಟರ್‌ನಿಂದ ಟಿವಿಗೆ ಎರಡು ಗ್ವಾಡಿ ಇದ್ರ 5 ಗಿಗಾಹರ್ಟ್ಸ್ ಸೋಲತೈತಿ, 2.4 ಮುಟ್ಟತೈತಿ ಆದ್ರ ಬಾಜೂ ಮನಿ ರೌಟರ್‌ಗಳ ಗದ್ದಲ. ಲ್ಯಾನ್ ವಾಯರ್ ಎಳೀರಿ. ಟಿವಿಯ ಲ್ಯಾನ್ ಸಂದಿ ಭಾಳ ಮಾಡೆಲ್‌ನಾಗ 100 ಎಂಬಿಪಿಎಸ್‌ದು, ಅಷ್ಟು ಧಾರಾಳ ಸಾಕು.

ಮೊಬೈಲ್‌ನಾಗ ಎಷ್ಟು ವೇಗ ಇದ್ರೂ 480ಪಿ ದಾಟವಲ್ದು ಅಂದ್ರ ವೈಡ್‌ವೈನ್ (ವಿಡಿಯೋ ಕದಿಯದಂಗ ಫೋನಿನಾಗ ಇರೋ ಬೀಗ) ಮಟ್ಟ ನೋಡ್ರಿ. ಎಲ್1 ಇದ್ರ ಎಚ್‌ಡಿ, ಎಲ್3 ಇದ್ರ ಎಸ್‌ಡಿನ. ಬೂಟ್‌ಲೋಡರ್ (ಫೋನ್ ಚಾಲೂ ಮಾಡೋ ಮೂಲ ಸಾಫ್ಟ್‌ವೇರ್) ಬಿಚ್ಚಿದ ಫೋನ್ ಭಾಳ ಸಲ ಎಲ್3ಕ್ಕ ಇಳೀತೈತಿ. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್ ತಗೊಂಡವರಿಗೆ 480ಪಿ ಮಿತಿ ಮೊದಲ ಐತಿ, ಟಿವಿಯಾಗ ನಡ್ಯೂದೂ ಇಲ್ಲ.

ಕರೆಂಟ್ ಹೋದಾಗ ಇನ್ವರ್ಟರ್ ಟಿವಿ ಹಿಡದ್ರೂ ರೌಟರ್ ಒಂದ್ ಕ್ಷಣ ಆರಿ ತಿರುಗಿ ಏಳಾಕ ಎರಡು ಮೂರು ನಿಮಿಷ ತಗೋತೈತಿ. ಅದಕ್ಕ 12 ವೋಲ್ಟ್‌ನ ಸಣ್ಣ ಯುಪಿಎಸ್ ಸಿಗತಾವ. ತಗೊಳ್ಳೂಕಿಂತ ಮೊದ್ಲು ರೌಟರ್ ಅಡಾಪ್ಟರ್ ಮ್ಯಾಲ ಬರದದ್ದು ಓದ್ರಿ: 12 ವೋಲ್ಟ್ ಹೌದೋ, 1 ಆಂಪಿಯರೋ 2 ಆಂಪಿಯರೋ, ಪಿನ್ನಿನ ನಡುವ ಪ್ಲಸ್ಸೋ ಮೈನಸ್ಸೋ. 9 ವೋಲ್ಟಿನ ರೌಟರ್‌ಗೆ 12 ಕೊಟ್ರ ಸುಡಬಹುದು.

ಟಿವಿಯ ಮೋಷನ್ ಸ್ಮೂದ್ ಬಂದ್ ಮಾಡೂದು ಮರೀಬ್ಯಾಡ್ರಿ. ಸಿನಿಮಾ ಸೆಕೆಂಡಿಗೆ 24 ಚಿತ್ರದ್ದು, ಅದು ನಡುವ ಸುಳ್ಳು ಚಿತ್ರ ತುಂಬಿ ಧಾರಾವಾಹಿ ಮಾಡಿ ಬಿಡತೈತಿ.

ಬ್ಯಾಡಗಿ ಕೆಂಪು:
ಸಣ್ಣ ಸಿನಿಮಾ ಹುಡುಕೂದ ಹೆಂಗ? ಒಂದ ವರ್ಷ ಇರತಾವ, ಆಮ್ಯಾಲೆ ಮಾಯ.

ಮುಳಗುಂದ ನಾಕಾ:
ಹಕ್ಕಿನ ಕರಾರು ಮುಗದ್ರ ತಗೀತಾರ. ಜಸ್ಟ್‌ವಾಚ್‌ನಾಗ ಹೆಸರು ಹಾಕಿದ್ರ ಸದ್ಯ ಯಾವುದರಾಗ ಐತಿ ಅಂತ ತೋರಸತೈತಿ. ಇಂಗ್ಲಿಷ್ ಕಾಗುಣಿತ ಎರಡು ಮೂರು ಥರ ಹಾಕಿ ನೋಡ್ರಿ, ‘ಯರೇಹಂಚಿನಾಳ’ ಅನ್ನೂದನ್ನ ಒಬ್ಬೊಬ್ರು ಒಂದೊಂದು ನಮೂನಿ ಬರೀತಾರ. ಬಾಡಿಗಿಗೆ ಇದ್ರ ತಗೊಳ್ರಿ. ಪ್ರೈಮ್‌ನಾಗ ರೊಕ್ಕ ಕೊಟ್ಟ 30 ದಿನದಾಗ ಶುರು ಮಾಡಬೇಕು, ಪ್ಲೇ ಒತ್ತಿದ ಮ್ಯಾಲ ಸಾಮಾನ್ಯವಾಗಿ 48 ತಾಸು. ಹಿಂಗಾಗಿ ‘ಹೆಂಗೈತಿ ನೋಡೂಣು’ ಅಂತ ವಾರದ ನಡುವ ಒತ್ತಬ್ಯಾಡ್ರಿ, ಶನಿವಾರ ಒತ್ರಿ.

ಸರಣಿಗಳ ಕಥಿ ಸಿನಿಮಾಕ್ಕಿಂತ ಕಠಿಣ. ‘ಏಕಂ’ ಅನ್ನೋ ಏಳು ಕಂತಿನ ಕರಾವಳಿ ಸರಣಿಗೆ ಯಾವ ಒಟಿಟಿನೂ ಮುಂದ ಬರಲಿಲ್ಲ. 2024ರ ಜುಲೈನಾಗ ತಮ್ಮದ ಜಾಲತಾಣ ಮಾಡಿ ಬಿಟ್ರು. ಅಂಥಾದ್ದು ಟಿವಿಯಾಗ ನೋಡಾಕ ಆಪ್ ಹುಡುಕಬ್ಯಾಡ್ರಿ, ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ವಾಯರ್ ಹಾಕ್ರಿ. ಕರಾವಳಿಯವರಿಗೇ ಹಿಂಗಾದ್ರ ನಮ್ಮ ಮಾತಿನ ಸರಣಿಗೆ ಯಾರು ರೊಕ್ಕ ಹಾಕತಾರ ಅನ್ನೂದು ನೋಡಬೇಕು. ನೋಡೋವರು ರೊಕ್ಕ ಕೊಟ್ಟು ನೋಡಿದ್ರ ಲೆಕ್ಕ ತೋರಸಾಕ ಬರತೈತಿ, ಟೆಲಿಗ್ರಾಂನಾಗ ಕದ್ದು ನೋಡಿದ್ರ ನಾವು ಇಲ್ಲವ ಇಲ್ಲ ಅಂತ ಲೆಕ್ಕ.

ಬೆಟಗೇರಿ ಮಗ್ಗ:
ಪಟ್ಟಿಗೆ ಇನ್ನೊಂದು ಸೇರಿಸ್ರಿ, ‘ಗಾನಯೋಗಿ ಪಂಚಾಕ್ಷರಿ ಗವಾಯಿ’ (1995). ಗದಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳ ಕಥಿ. ಸಂಗೀತಕ್ಕ ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಇದಕ್ಕ. ಆದ್ರ ಉಣಕಲ್ ಗಾಳಿಯವರು ಮ್ಯಾಲ ಹೇಳಿದ ಸೆಟ್ಟಿಂಗ್ ಇಟ್ಕೊಂಡು ಕೇಳಿದ್ರ ಹಾಡು ಬರೇ ತಗಡ್ ತಗಡ್ ಅನಸತಾವಲ್ಲ?

ಉಣಕಲ್ ಗಾಳಿ:
ಖರೇನ. ಕ್ಲಿಯರ್ ವಾಯ್ಸ್ ಕೆಳಗಿನ ಧ್ವನಿ ಕಡಿದು ನಡುವಿಂದು ಎತ್ತತೈತಿ, ತಬಲಾದ ಎಡಗೈ ಡಗ್ಗಾದ ಗುಂಯ್ ಹೋಗಿ ಬಲಗೈ ದಾಯಾ ಅಷ್ಟ ಉಳೀತೈತಿ, ತಂಬೂರಿ ಸೊಳ್ಳಿ ಆಗತೈತಿ. ಸಂಗೀತ ಪ್ರಧಾನ ಸಿನಿಮಾಕ್ಕ ಅದನ್ನ ಬಂದ್ ಮಾಡ್ರಿ, ನೈಟ್ ಮೋಡೂ (ಜೋರು, ಮೆಲ್ಲಗ ಎರಡನ್ನೂ ಹತ್ರ ತರೋದು) ಬಂದ್ ಮಾಡ್ರಿ, ಈಕ್ವಲೈಜರ್ ಸಪಾಟ ಮಾಡ್ರಿ. ಈ ಸಿನಿಮಾದ್ದು ಕನ್ನಡದಾಗ 5.1 ರೂಢಿ ಆಗೂಕಿಂತ ಮೊದಲಿನ ಮಿಕ್ಸ್, ಮಾತು ಸಂಗೀತ ಎರಡೂ ಒಂದ ತೂಕದಾಗ ಕುಂತಿರತಾವ, ಮಾತು ಎತ್ತೋ ಗರಜ ಇಲ್ಲ. ಟಿವಿ ಸ್ಪೀಕರ್ ಬಿಟ್ಟು ವಾಯರಿನ ಹೆಡ್‌ಫೋನ್ ಹಚ್ಚಿದ್ರ ಇನ್ನೂ ಚೊಲೊ. ಎರಡು ಮೂರು ಅಪ್‌ಲೋಡ್ ಇದ್ರ ಒಂದ ಹಾಡಿನ ಮೊದಲ ಒಂದು ನಿಮಿಷ ಎಲ್ಲಾದ್ರಾಗೂ ಕೇಳ್ರಿ, ಡಗ್ಗಾ ಕೇಳೂದನ್ನ ಇಟ್ಕೊಳ್ರಿ.